ಎರವಲು ಗಾಡಿಯ ಹೊಣೆ ಯಾರದು?

ನಮ್ಮ ಹಳ್ಳಿಗಳಲ್ಲಿ ಎರವಲು ಹೊಸದಲ್ಲ. ಹದ ತಪ್ಪಿಹೋಗುವ ಹೊತ್ತಿನಲ್ಲಿ ನೆರೆಯವನ ಜೋಡೆತ್ತು ತಂದು ಉಳುವುದು, ಮುಯ್ಯಾಳು ಹಾಕಿ ಕಳೆ ತೆಗೆಸುವುದು, ಒಬ್ಬರ ಕಣವನ್ನು ಇಡೀ ಕೇರಿ ಬಳಸುವುದು, ಇವೆಲ್ಲ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಕೊಟ್ಟವನೂ ಲೆಕ್ಕ ಬರೆದಿಡಲಿಲ್ಲ, ತಂದವನೂ ಕಾಗದ ಕೇಳಲಿಲ್ಲ. ಎರವಲು ಎತ್ತು ಕಾಲು ಮುರಿದುಕೊಂಡರೆ ಹಿರಿಯರು ಜಗಲಿಯ ಮೇಲೆ ಕೂತು ನ್ಯಾಯ ತೀರಿಸುತ್ತಿದ್ದರು. ಹೆಚ್ಚೆಂದರೆ ಒಂದು ಎತ್ತಿನ ಬೆಲೆಗೆ ಮಾತು ಮುಗಿಯುತ್ತಿತ್ತು.

ಈಗ ಎತ್ತಿನ ಜಾಗಕ್ಕೆ ಮೋಟಾರು ಬಂದಿದೆ. ಎರವಲು ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಬೆಂಗಳೂರಿನ ಪಶ್ಚಿಮ ಭಾಗದ ಲಗ್ಗೆರೆಯನ್ನೇ ನೋಡಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರು ಇಂದು ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ, ಹೊರ ವರ್ತುಲ ರಸ್ತೆಯ ಅಂಚಿನಲ್ಲಿ ಮಹಾನಗರದ ಒಳಗೆ ಸೇರಿಹೋಗಿದೆ. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ತುಮಕೂರು ರಸ್ತೆ. ಹಳ್ಳಿಯಲ್ಲಿ ಅಣ್ಣ ಜಮೀನು ನೋಡಿಕೊಂಡರೆ ಇಂಥ ಬಡಾವಣೆಯಲ್ಲಿ ತಮ್ಮ ಕಾರ್ಖಾನೆಯ ಕೆಲಸ ಮಾಡುತ್ತಾನೆ. ಹಬ್ಬ, ಮದುವೆ, ಆಸ್ಪತ್ರೆಯ ಅಗತ್ಯ ಬಂದಾಗ ತಮ್ಮನ ಕಾರು ಅಣ್ಣನ ಕೈಗೆ, ಅಣ್ಣನ ಟ್ರ್ಯಾಕ್ಟರು ಭಾವನ ಕೈಗೆ, ಭಾವನ ಮೋಟಾರು ಸೈಕಲ್ಲು ನೆರೆಮನೆಯ ಹುಡುಗನ ಕೈಗೆ ಹೋಗುತ್ತದೆ. ಬೀಗದ ಕೈ ಕೊಡುವಾಗ ಪೆಟ್ರೋಲು ಎಷ್ಟಿದೆ ಎಂದು ಹೇಳುತ್ತಾರೆಯೇ ಹೊರತು ವಿಮೆ ಎಂದಿನವರೆಗೆ ಇದೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಎರವಲು ಗಾಡಿ ಅಪಘಾತಕ್ಕೆ ಸಿಕ್ಕಿದರೆ ಹೋಗುವುದು ಒಂದು ಎತ್ತಿನ ಬೆಲೆಯಲ್ಲ. ಒಂದು ಜೀವ ಹೋಗಬಹುದು. ಅದರ ಹಿಂದೆ ಇನ್ನೊಂದು ಮನೆಯ ಜಮೀನೂ ಹೋಗಬಹುದು. ಆದ್ದರಿಂದ ಈ ವಿಷಯವನ್ನು ರೈತ ಬಾಂಧವರು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. "ನನ್ನ ಗಾಡಿಗೆ ವಿಮೆ ಮಾಡಿಸಿದ್ದೇನೆ, ಆದ್ದರಿಂದ ನಾನು ಯಾವ ಗಾಡಿ ಓಡಿಸಿದರೂ ನನಗೆ ರಕ್ಷಣೆ ಇದೆ" ಎಂದು ಅನೇಕರು ನಂಬಿದ್ದಾರೆ. ಇದು ನಿಜವಲ್ಲ. ನಮ್ಮ ದೇಶದ ಮೋಟಾರು ವಿಮೆ ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಓಡಿಸುವ ಮನುಷ್ಯನನ್ನಲ್ಲ. ನೀವು ಭಾವನ ಕಾರು ಓಡಿಸುವಾಗ ಲೆಕ್ಕಕ್ಕೆ ಬರುವುದು ಭಾವನ ಕಾರಿನ ವಿಮಾ ಪತ್ರ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ನಿಮ್ಮ ಗಾಡಿಯ ಪತ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯಿದೆ. ಇದರ 146ನೆಯ ಕಲಮಿನ ಪ್ರಕಾರ ಮೂರನೆಯವರಿಗೆ ಆಗುವ ಹಾನಿಯ ವಿಮೆಯಿಲ್ಲದೆ ಯಾವ ಮೋಟಾರು ವಾಹನವೂ ಸಾರ್ವಜನಿಕ ಸ್ಥಳದಲ್ಲಿ ಓಡುವಂತಿಲ್ಲ. ಓಡಿಸಿದರೆ 196ನೆಯ ಕಲಮಿನಡಿ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿ ದಂಡ, ಇಲ್ಲವೆ ಎರಡೂ. ಈ ಶಿಕ್ಷೆ ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅನ್ವಯಿಸುತ್ತದೆ.

ವಿಮಾ ಪತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಾಯಿದೆಗೆ ಬೇಕಾದಷ್ಟು ಮಾತ್ರ ಇರುವ ಮೂರನೆಯವರ ವಿಮೆ ಒಂದು. ಅದರ ಜೊತೆಗೆ ಗಾಡಿಯ ಸ್ವಂತ ಹಾನಿಯನ್ನೂ ಸೇರಿಸಿಕೊಂಡ ಸಮಗ್ರ ವಿಮೆ ಇನ್ನೊಂದು. ಇವೆರಡರ ವ್ಯತ್ಯಾಸ ಎರವಲು ಹೊತ್ತಿನಲ್ಲಿ ಎದ್ದು ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಬಿದ್ದು ಆಕೆಗೆ ಪೆಟ್ಟಾದರೆ, ಕಾಯಿದೆಯಷ್ಟರ ಪತ್ರ ಹಿಂದೆ ಕೂತವರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದೆ. ಸಮಗ್ರ ಪತ್ರವಿದ್ದರೆ ಹಿಂದೆ ಕೂತವರೂ ಕಾರಿನೊಳಗಿನವರೂ ರಕ್ಷಣೆಗೆ ಒಳಪಡುತ್ತಾರೆ.

ಹಾಗಾದರೆ ಮಾಲೀಕನಲ್ಲದೆ ಬೇರೆಯವರು ಓಡಿಸಿದರೆ ವಿಮೆ ಇರುತ್ತದೆಯೆ? ಇರುತ್ತದೆ, ಆದರೆ ಷರತ್ತಿನ ಮೇಲೆ. ಮಾಲೀಕನ ಅಪ್ಪಣೆ ಅಥವಾ ಒಪ್ಪಿಗೆಯಿಂದ ಓಡಿಸುವವನನ್ನೂ ಮೂರನೆಯವರ ಹೊಣೆಯ ಮಟ್ಟಿಗೆ ಮಾಲೀಕನಂತೆಯೇ ಕಾಣುವುದಾಗಿ ಸಾಮಾನ್ಯ ವಿಮಾ ಪತ್ರದಲ್ಲಿ ಬರೆದಿರುತ್ತದೆ. ಓಡಿಸುವವನ ಬಳಿ ಆ ಬಗೆಯ ಗಾಡಿಗೆ ಸಲ್ಲುವ, ಅವಧಿ ಮುಗಿಯದ ಲೈಸೆನ್ಸ್ ಇರಬೇಕು. ಪತ್ರದಲ್ಲಿ ಹೇಳಿದ ಉಪಯೋಗಕ್ಕೇ ಗಾಡಿ ಬಳಕೆಯಾಗಿರಬೇಕು. ಇವೆರಡೂ ಸರಿಯಿದ್ದು ನೀವು ಎರವಲು ಕಾರಿನಿಂದ ದಾರಿಹೋಕನಿಗೆ ಗುದ್ದಿದರೆ ಆ ದಾರಿಹೋಕನಿಗೆ ಪರಿಹಾರ ಕೊಡುವುದು ಕಾರಿನ ವಿಮಾ ಕಂಪನಿ. ಸಾವು ಮತ್ತು ಗಾಯದ ಪರಿಹಾರಕ್ಕೆ ಇಲ್ಲಿ ಮೊತ್ತದ ಮಿತಿಯೂ ಇಲ್ಲ.

ಇಲ್ಲಿಯವರೆಗೆ ಸರಿ. ಪೆಟ್ಟಾದದ್ದು ದಾರಿಹೋಕನಿಗಲ್ಲ, ಎರವಲು ತಂದು ಓಡಿಸುತ್ತಿದ್ದವನಿಗೇ ಆದರೆ? ನಮ್ಮ ಜನ ಎಡವುವುದು ಇಲ್ಲಿಯೇ. ವಿಮಾ ಪತ್ರ ಮಾಡಿಕೊಂಡ ಮಾಲೀಕ ಒಬ್ಬ, ಕಂಪನಿ ಇನ್ನೊಬ್ಬ; ಇವರಿಬ್ಬರ ಆಚೆ ನಿಂತವನು ಮೂರನೆಯವನು. ಗಾಡಿಯನ್ನು ಕೇಳಿ ತಂದು ಓಡಿಸುವವನು ಆ ಹೊತ್ತಿಗೆ ಮಾಲೀಕನ ಜಾಗದಲ್ಲಿ ನಿಂತಿರುತ್ತಾನೆ ಎಂಬುದು ನ್ಯಾಯಾಲಯಗಳ ಅಭಿಪ್ರಾಯ. ಮಾಲೀಕನ ಜಾಗದಲ್ಲಿ ನಿಂತವನು ಮೂರನೆಯವನಾಗಲಾರ. ಮೂರನೆಯವನಲ್ಲದಿದ್ದರೆ ಮೂರನೆಯವರ ವಿಮೆಯಿಂದ ಅವನಿಗೆ ಏನೂ ಸಿಗುವುದಿಲ್ಲ.

ಈ ಮಾತು ನಮ್ಮ ರಾಜ್ಯದ ರಸ್ತೆಯ ಮೇಲೆ ನಡೆದ ಒಂದು ದುರಂತದಿಂದಲೇ ತೀರ್ಮಾನವಾಯಿತು. ಒಬ್ಬ ವ್ಯಕ್ತಿ ಬೇರೆಯವರ ಮೋಟಾರು ಸೈಕಲ್ಲನ್ನು ಕೇಳಿ ತಂದು ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಹೋಗುತ್ತಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು. ಮೋಟಾರು ಸೈಕಲ್ಲು ಅದಕ್ಕೆ ಬಡಿಯಿತು. ಇಳಕಲ್ಲಿನ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಜೀವ ಹೋಯಿತು. ಅವನ ಮನೆಯವರು ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಅಂದಿನ 163ಎ ಕಲಮಿನಡಿ ಅರ್ಜಿ ಹಾಕಿದರು. ನ್ಯಾಯಮಂಡಳಿ ಪರಿಹಾರ ಕೊಟ್ಟಿತು, ಹೈಕೋರ್ಟು ಅದನ್ನು ರದ್ದು ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟು, ಎರವಲು ಪಡೆದವನು ಮಾಲೀಕನ ಸ್ಥಾನಕ್ಕೆ ಬರುತ್ತಾನಾದ್ದರಿಂದ ಆ ಕಲಮಿನಡಿ ಪರಿಹಾರವಿಲ್ಲ ಎಂದು ಹೇಳಿ, 166ನೆಯ ಕಲಮಿನಡಿ ಏನಾದರೂ ಸಲ್ಲುವುದೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ಹಿಂದಿರುಗಿಸಿತು. ರಾಜಸ್ಥಾನದ ಇಂಥದೇ ಪ್ರಕರಣವೊಂದರಲ್ಲಿ 2020ರಲ್ಲಿಯೂ ಅದೇ ನ್ಯಾಯಾಲಯ ಇದೇ ಮಾತನ್ನು ಎತ್ತಿಹಿಡಿದು, ಪತ್ರದಲ್ಲಿದ್ದ ವೈಯಕ್ತಿಕ ಅಪಘಾತದ ಒಂದು ಲಕ್ಷ ರೂಪಾಯಿಯನ್ನಷ್ಟೇ ಕೊಡಿಸಿತು.

ಇನ್ನೊಂದು ಪ್ರಕರಣ ಇತ್ತೀಚಿನದು. 2014ರ ಜೂನ್ 18ರಂದು ಮಲ್ಲಸಂದ್ರ ಗ್ರಾಮದಿಂದ ಅರಸೀಕೆರೆಗೆ ಹೊರಟ ಕಾರೊಂದು ದಾರಿಯಲ್ಲಿ ಮಗುಚಿಬಿತ್ತು. ಕಾರಿನಲ್ಲಿ ಓಡಿಸುತ್ತಿದ್ದವನ ತಂದೆ, ಸೋದರಿ ಮತ್ತು ಆಕೆಯ ಮಕ್ಕಳಿದ್ದರು. ಓಡಿಸುತ್ತಿದ್ದವನು ತೀರಿಕೊಂಡ. ಕಾರು ಎರವಲು ತಂದದ್ದು. ಅವನ ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ವೇಗ ಮತ್ತು ಅಜಾಗರೂಕತೆ ಅವನದೇ ಆಗಿತ್ತು, ಮೇಲಾಗಿ ಕಾರು ಎರವಲು ತಂದು ಮಾಲೀಕನ ಜಾಗದಲ್ಲಿ ನಿಂತಿದ್ದ ಎಂದು ಹೇಳಿ ನಮ್ಮ ಹೈಕೋರ್ಟು 2024ರಲ್ಲಿ ಅದನ್ನು ತಳ್ಳಿಹಾಕಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಹನ್ನೊಂದು ವರ್ಷ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ಆ ಮನೆ ಬರಿಗೈಯಲ್ಲಿ ಉಳಿಯಿತು.

ಇದರಿಂದ ಎರವಲು ಚಾಲಕನ ಕುಟುಂಬಕ್ಕೆ ಯಾವಾಗಲೂ ಏನೂ ಇಲ್ಲ ಎಂದು ತಿಳಿಯಬಾರದು. ಎದುರಿನಿಂದ ಬಂದ ಲಾರಿಯದೇ ತಪ್ಪಾಗಿದ್ದರೆ ಆ ಲಾರಿಯ ಮಾಲೀಕ ಮತ್ತು ಅದರ ವಿಮಾ ಕಂಪನಿಯ ಮೇಲೆ ಧಾರಾಳವಾಗಿ ಪರಿಹಾರ ಕೇಳಬಹುದು. ಆ ಲಾರಿಯ ಲೆಕ್ಕದಲ್ಲಿ ಎರವಲು ಚಾಲಕನೂ ಮೂರನೆಯವನೇ. ಬಾಗಿಲು ಮುಚ್ಚುವುದು ತಾನೇ ಎಡವಿ ಬಿದ್ದಾಗ, ಮರಕ್ಕೋ ಸೇತುವೆಗೋ ಗುದ್ದಿದಾಗ, ದನ ಅಡ್ಡ ಬಂದು ಉರುಳಿದಾಗ. ನಮ್ಮ ಹಳ್ಳಿಯ ರಸ್ತೆಗಳಲ್ಲಿ ಇಂಥವು ಅಪರೂಪವೇನಲ್ಲ.

ಕಾಯಿದೆಯ ವಿಮೆ ಬಾರದಿದ್ದರೆ ಮಾಲೀಕ ಕಟ್ಟುವ ವೈಯಕ್ತಿಕ ಅಪಘಾತ ವಿಮೆ ಬರಬಹುದಲ್ಲ ಎಂದು ಕೇಳಬಹುದು. 2018ರಿಂದ ಈ ವಿಮೆಯ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಆದರೆ ಇದರ ಹೆಸರೇ ಮಾಲೀಕ–ಚಾಲಕನ ವಿಮೆ. ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ, ಪತ್ರ ಯಾರ ಹೆಸರಿನಲ್ಲಿದೆಯೋ, ಲೈಸೆನ್ಸ್ ಯಾರಲ್ಲಿದೆಯೋ ಆ ಒಬ್ಬನಿಗಾಗಿ ಬರೆದ ವಿಮೆ ಇದು. ಕಟ್ಟಿದವನು ಭಾವ, ಸತ್ತವನು ಭಾವಮೈದುನ ಎಂದಾದರೆ ಈ 15 ಲಕ್ಷವನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಹೆಚ್ಚಿನ ಕಂತು ಕಟ್ಟಿದರೆ ಸಂಬಳದ ಚಾಲಕನಿಗೂ ಪ್ರಯಾಣಿಕರಿಗೂ ರಕ್ಷಣೆ ಸೇರಿಸಬಹುದು. ಸಂಬಳವಿಲ್ಲದೆ ಉಪಕಾರಕ್ಕೆ ಗಾಡಿ ತಂದವನು ಈ ಎರಡರ ನಡುವೆ ಬಿದ್ದುಹೋಗುತ್ತಾನೆ.

ಈ ಸಂದಿಯನ್ನು ಮುಚ್ಚಿಕೊಳ್ಳಲು ಬಡವನ ಕೈಗೆಟುಕುವ ಒಂದು ದಾರಿ ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ 18ರಿಂದ 70 ವರ್ಷದೊಳಗಿನ ಯಾರೇ ಆಗಲಿ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ, ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಸಿಗುತ್ತದೆ. ಇದರ ವರ್ಷ ಜೂನ್ 1ರಿಂದ ಮೇ 31ರವರೆಗೆ. ಇದು ಗಾಡಿಯನ್ನಲ್ಲ, ಮನುಷ್ಯನನ್ನು ಹಿಡಿದ ವಿಮೆ. ಗಾಡಿ ಯಾರದಾದರೂ ಇದು ನಿಮ್ಮ ಜೊತೆಗೆ ಬರುತ್ತದೆ. ಮೇ ತಿಂಗಳಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಈ ವಿಮೆ ಬಿದ್ದುಹೋಗದಂತೆ ನೋಡಿಕೊಳ್ಳಿ. ಎರವಲು ಗಾಡಿ ಓಡಿಸುವ ಅಭ್ಯಾಸವಿರುವವರು ಇದರ ಮೇಲೆ ಇನ್ನೊಂದು ವೈಯಕ್ತಿಕ ಅಪಘಾತ ವಿಮೆಯನ್ನು ತಮ್ಮ ಹೆಸರಿನಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕೊಡುವವನ ಕಡೆಯ ಮಾತು. ಗಾಡಿ ಕೊಟ್ಟವನು ಮನೆಯಲ್ಲಿ ನಿದ್ರೆ ಮಾಡುತ್ತಿದ್ದರೂ ಹೊಣೆ ಅವನನ್ನು ಬಿಡುವುದಿಲ್ಲ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟರೆ 180ನೆಯ ಕಲಮಿನಡಿ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡದು ಪರಿಹಾರದ ಭಾರ. ಗಾಯಗೊಂಡ ಮೂರನೆಯವನಿಗೆ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು. ಆ ವಸೂಲಿ ಬಂದಾಗ ಹೊಲ, ಮನೆ, ಗಾಡಿ ಎಲ್ಲವೂ ಜಪ್ತಿಯ ಪಟ್ಟಿಗೆ ಸೇರಬಹುದು. ಮಾಲೀಕ ತಿಳಿದೂ ತಿಳಿದೂ ತಪ್ಪು ಮಾಡಿದನೆಂದು ತೋರಿಸುವ ಹೊಣೆ ಕಂಪನಿಯದೇ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಲೈಸೆನ್ಸನ್ನು ಕಣ್ಣಾರೆ ನೋಡಿ ಕೊಟ್ಟ ಮಾಲೀಕನಿಗೂ "ಹುಡುಗ ಚೆನ್ನಾಗಿ ಓಡಿಸುತ್ತಾನೆ" ಎಂದು ಕೊಟ್ಟ ಮಾಲೀಕನಿಗೂ ನ್ಯಾಯಾಲಯದಲ್ಲಿ ಬಹಳ ಅಂತರವಿದೆ.

ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಡುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. 2019ರ ತಿದ್ದುಪಡಿಯಿಂದ ಬಂದ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ; ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು; ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಹಾಲಿನ ಡೈರಿಗೆ ಕ್ಯಾನು ಒಯ್ಯಲು ಹೈಸ್ಕೂಲಿನ ಹುಡುಗನಿಗೆ ಸ್ಕೂಟರು ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅದನ್ನು ಇಂದೇ ನಿಲ್ಲಿಸುವುದು ಕ್ಷೇಮ.

ಟ್ರ್ಯಾಕ್ಟರಿನ ಬಗ್ಗೆ ರೈತರಿಗೆ ಒಂದು ಸಮಾಧಾನದ ಸಂಗತಿ ಇದೆ. ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕಿಲೋಗ್ರಾಂ ಮೀರದ ಸಾಗಣೆ ವಾಹನಗಳನ್ನೂ ಬೇರೆ ಒಪ್ಪಿಗೆಯಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಟ್ರ್ಯಾಕ್ಟರಿಗೆ ಟ್ರೈಲರು ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸ್ ಸಲ್ಲದಂತಾಗುವುದಿಲ್ಲ ಎಂದು 2001ರಲ್ಲಿಯೇ ಹೇಳಿಯಾಗಿದೆ. ಸಂಜೆಗೆ ತರಕಾರಿ ತುಂಬಿದ ನೆರೆಯವನ ಸಣ್ಣ ಸರಕು ಗಾಡಿಯನ್ನು ಯಶವಂತಪುರದ ಅಥವಾ ದಾಸನಪುರದ ಮಾರುಕಟ್ಟೆಗೆ ಒಯ್ಯುವವರಿಗೆ ಇದರಿಂದ ಅನುಕೂಲವಾಗಿದೆ.

ಆದರೆ ಲೈಸೆನ್ಸ್ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ. ಸರಕು ಗಾಡಿಯಲ್ಲಿ ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಹೋಗುವುದಕ್ಕೆ 1994ರ ತಿದ್ದುಪಡಿಯಿಂದ ರಕ್ಷಣೆ ಉಂಟು. ಬಿಟ್ಟಿ ಪ್ರಯಾಣಿಕರಿಗೆ ಇಲ್ಲ ಎಂದು 2002ರ ತೀರ್ಪು ಸ್ಪಷ್ಟಪಡಿಸಿದೆ. ಟ್ರ್ಯಾಕ್ಟರಿನಲ್ಲಿರುವುದು ಚಾಲಕನ ಆಸನ ಒಂದೇ. ಮಡ್‌ಗಾರ್ಡಿನ ಮೇಲೆ ಕೂತವರಿಗೆ ವಿಮೆಯಲ್ಲಿ ಜಾಗವಿಲ್ಲ. ಟ್ರೈಲರನ್ನು ಪತ್ರದಲ್ಲಿ ಬೇರೆಯಾಗಿ ಕಾಣಿಸಿ ಕಂತು ಕಟ್ಟಿರಬೇಕು. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಎರವಲು ತಂದು ಇಟ್ಟಿಗೆ ಗೂಡಿನ ಮಣ್ಣು ಹೊಡೆಯಲು ಬಳಸಿದರೆ ಏನಾಗುತ್ತದೆ ಎಂಬುದಕ್ಕೆ 2007ರ ತೀರ್ಪೊಂದು ಉದಾಹರಣೆ: ಟ್ರೈಲರಿನಲ್ಲಿದ್ದ ಕೂಲಿಯಾಳಿಗೆ ಕಂಪನಿ ಹೊಣೆಯಲ್ಲ ಎಂದು ತೀರ್ಮಾನವಾಯಿತು. ಬಡ ಕೂಲಿಯ ಮುಖ ನೋಡಿ ಕಂಪನಿ ಮೊದಲು ಹಣ ಕೊಡಲಿ, ಮಾಲೀಕನಿಂದ ವಸೂಲು ಮಾಡಲಿ ಎಂದಿತು ನ್ಯಾಯಾಲಯ. ಮದುವೆಯ ದಿಬ್ಬಣಕ್ಕೆ, ಜಾತ್ರೆಗೆ ಟ್ರೈಲರು ತುಂಬ ಜನ ಹೇರುವ ಬಂಧುಗಳಿಗೆ ಟ್ರ್ಯಾಕ್ಟರು ಕೊಡುವ ಮೊದಲು ಈ ತೀರ್ಪನ್ನು ನೆನೆಯಬೇಕು.

ಎರವಲಿಗಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ: ಮಾರಿದರೂ ಕಾಗದ ಬದಲಾಗದ ಗಾಡಿ. ನಗರದ ಬಂಧು ಹೊಸ ಬೈಕು ಕೊಂಡು ಹಳೆಯದನ್ನು ಊರಿನವನಿಗೆ ಮಾರುತ್ತಾನೆ. ಹಣ ಕೈ ಸೇರಿತು, ಗಾಡಿ ಊರು ಸೇರಿತು, ನೋಂದಣಿ ಮಾತ್ರ ರಾಜಾಜಿನಗರದ ಕಚೇರಿಯ ಪುಸ್ತಕದಲ್ಲಿ ಹಳೆಯ ಹೆಸರಿನಲ್ಲಿಯೇ ಉಳಿಯಿತು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಮಾಲೀಕ, ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಮಾರಿದವನು ಅದನ್ನು ಮರೆತಿದ್ದರೂ ಕೋರ್ಟಿನ ನೋಟೀಸು ಅವನ ಮನೆ ಬಾಗಿಲಿಗೆ ಬರುತ್ತದೆ. ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಕೊಂಡವನು ವಿಮಾ ಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು.

ಹಾಗಾದರೆ ಬೀಗದ ಕೈ ಕೈ ಬದಲಾಗುವ ಮೊದಲು ಏನು ನೋಡಬೇಕು? ವಿಮಾ ಪತ್ರದ ಕೊನೆಯ ದಿನಾಂಕ ಮೊದಲನೆಯದು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರಕ್ಕೆ ಐದು ವರ್ಷದ ಮೂರನೆಯವರ ವಿಮೆ ಒಟ್ಟಿಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕೆ ಮುಗಿದಿರಬಹುದು. ಎರಡೂ ದಿನಾಂಕ ನೋಡಿ. ಎರಡನೆಯದು, ಓಡಿಸುವವನ ಲೈಸೆನ್ಸಿನ ಬಗೆ ಮತ್ತು ಅವಧಿ. ಮೂರನೆಯದು, ಗಾಡಿಯನ್ನು ಯಾವ ಕೆಲಸಕ್ಕೆ ಒಯ್ಯುತ್ತಾರೆ ಎಂಬುದು. ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟರೆ ಅದು ಪತ್ರದ ಷರತ್ತಿಗೆ ವಿರುದ್ಧ; ಉಪಕಾರಕ್ಕೆ ಪ್ರತಿಯಾಗಿ ದಿನಕ್ಕಿಷ್ಟು ಎಂದು ಹಣ ಪಡೆದರೆ ಅದು ಬಾಡಿಗೆ ಎಂದೇ ಎಣಿಕೆಯಾಗಬಹುದು. ನಾಲ್ಕನೆಯದು, ಗಾಡಿಗೆ ಪೆಟ್ಟಾದರೆ ಖರ್ಚು ಯಾರದು ಎಂಬ ಮಾತು. ಸ್ವಂತ ಹಾನಿಯ ವಿಮೆಯಿಂದ ಹಣ ಪಡೆದರೆ, ಪರಿಹಾರ ಕೇಳದೆ ಉಳಿಸಿಕೊಂಡ ರಿಯಾಯಿತಿ ಮಾಲೀಕನ ಕೈಬಿಡುತ್ತದೆ. ಐದು ವರ್ಷಕ್ಕೆ ಶೇಕಡ 50ರವರೆಗೆ ಬೆಳೆಯುವ ಈ ರಿಯಾಯಿತಿ ಚಿಕ್ಕದಲ್ಲ. ನೆಂಟಸ್ತಿಕೆ ಕೆಡುವುದು ಎಷ್ಟೋ ವೇಳೆ ಇಂಥ ಸಣ್ಣ ಲೆಕ್ಕದಿಂದಲೇ.

ಅಪಘಾತವಾದರೆ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಮೊದಲ ಕರ್ತವ್ಯ. ಪೊಲೀಸರಿಗೂ ವಿಮಾ ಕಂಪನಿಗೂ ಕೂಡಲೆ ತಿಳಿಸಬೇಕು. ಓಡಿಸಿದವನು ಒಬ್ಬ, ಲೈಸೆನ್ಸ್ ಇರುವ ಇನ್ನೊಬ್ಬನ ಹೆಸರು ಬರೆಸುವುದು ಎಂಬ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಅಪರಾಧ, ಬಯಲಾದ ದಿನ ನಿಜವಾದ ಹಕ್ಕೂ ಮುಳುಗುತ್ತದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಸ್ಥಳದಲ್ಲಿ ಮಾತ್ರವಲ್ಲ, ತಾವು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮ ಆರು ತಿಂಗಳ ಗಡುವನ್ನು ಹೇಳುತ್ತದೆ. ತಿಥಿ ಕಳೆಯಲಿ, ಸುಗ್ಗಿ ಮುಗಿಯಲಿ ಎಂದು ಕಾಯಬಾರದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರ ನೆರವು ಸಿಗುತ್ತದೆ.

ಕೊನೆಯದಾಗಿ ಸರ್ಕಾರಕ್ಕೂ ವಿಮಾ ಕಂಪನಿಗಳಿಗೂ ಎರಡು ಮಾತು. ಎರವಲು ಚಾಲಕ ಮಾಲೀಕನ ಜಾಗದಲ್ಲಿ ನಿಂತಿದ್ದಾನೆ ಎಂದು ಹೇಳಿ ಮೂರನೆಯವರ ಪರಿಹಾರವನ್ನು ನಿರಾಕರಿಸುವುದಾದರೆ, ಅದೇ ಜಾಗಕ್ಕಾಗಿ ಕಂತು ಕಟ್ಟಿರುವ 15 ಲಕ್ಷದ ವಿಮೆಯನ್ನು ಅವನಿಗೆ ಕೊಡುವುದು ನ್ಯಾಯ. ನಷ್ಟಕ್ಕೆ ಮಾಲೀಕ, ಲಾಭಕ್ಕೆ ಪರಕೀಯ ಎಂಬ ಈ ಎರಡು ಅಳತೆ ನಿಲ್ಲಬೇಕು. ಒಪ್ಪಿಗೆಯಿಂದ, ಲೈಸೆನ್ಸ್ ಸಹಿತ ಓಡಿಸುವ ಯಾರಿಗೇ ಆಗಲಿ ಈ ವಿಮೆ ಗಾಡಿಯ ಜೊತೆಗೇ ಸಲ್ಲುವಂತೆ ನಿಯಮ ಬದಲಾಗಬೇಕು. ಅದಕ್ಕೆ ಕಂತು ಕೊಂಚ ಹೆಚ್ಚಾದರೂ ರೈತರು ಬೇಡವೆನ್ನಲಾರರು. ಎರಡನೆಯದಾಗಿ, ಪ್ರತಿ ವಿಮಾ ಪತ್ರದ ಜೊತೆ ಯಾರು ಓಡಿಸಬಹುದು, ಯಾರಿಗೆ ರಕ್ಷಣೆ ಇದೆ, ಯಾರಿಗೆ ಇಲ್ಲ ಎಂದು ಸರಳ ಕನ್ನಡದಲ್ಲಿ ಒಂದೇ ಪುಟ ಅಚ್ಚು ಮಾಡಿ ಕೊಡಬೇಕು. ಓದಲಾಗದ ಷರತ್ತಿಗೆ ಸಹಿ ಹಾಕಿಸಿಕೊಂಡು ಆಮೇಲೆ ಅದನ್ನೇ ಎದುರಿಗೆ ಹಿಡಿಯುವುದು ಒಳ್ಳೆಯ ವ್ಯವಹಾರವಲ್ಲ.

ಅಲ್ಲಿಯವರೆಗೆ ನಮ್ಮ ಜಾಗ್ರತೆ ನಮ್ಮದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಬಾರದು. ಗಾಡಿ ಕೊಡುವುದನ್ನು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ನಡುರಾತ್ರಿ ಹೆರಿಗೆಗೆ ಹೊರಟ ನೆರೆಮನೆಯವರಿಗೆ ಗಾಡಿ ಕೊಡದಿದ್ದರೆ ಊರು ಊರಾಗಿ ಉಳಿಯುವುದಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಕಾಗದ ಹುಡುಕಲು ಸಮಯವಿರುವುದಿಲ್ಲ. ಆದ್ದರಿಂದ ಈ ವಾರವೇ ಬಿಡುವು ಮಾಡಿಕೊಂಡು ವಿಮಾ ಪತ್ರ ಹೊರತೆಗೆದು ದಿನಾಂಕ ನೋಡಿ, ಮನೆಯಲ್ಲಿ ಯಾರ ಯಾರ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದು ವಿಚಾರಿಸಿ, ಬ್ಯಾಂಕಿಗೆ ಹೋಗಿ 20 ರೂಪಾಯಿಯ ವಿಮೆಗೆ ಹೆಸರು ಬರೆಸಿ. ಓದಲು ಬಾರದ ನೆರೆಯವರಿಗೆ ಈ ವಿಷಯವನ್ನು ಓದಿ ಹೇಳುವ ಕೆಲಸವನ್ನು ವಾಚನಾಲಯಕ್ಕೆ ಬರುವ ಯುವಕರು ವಹಿಸಿಕೊಂಡರೆ ಊರಿಗೆ ಉಪಕಾರವಾಗುತ್ತದೆ.